ಮನಸ್ಸಿನ ಟೊಂಕ ಕಟ್ಟುವುದು: ವಿಶ್ವಾಸದಲ್ಲಿ ಕೊನೆಯವರೆಗೆ ನಿಲ್ಲಲು ದಿನದಿನದ ಅಭ್ಯಾಸ

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಪೇತ್ರನ ಮೊದಲ ಪತ್ರಿಕೆಯಲ್ಲಿ (1:13) ಒಂದು ಮಾತಿದೆ: ನಿಮ್ಮ ಮನಸ್ಸಿನ ನಡುವನ್ನು ಕಟ್ಟಿಕೊಳ್ಳಿ. ನಿಂದೆಗೂ ಹಿಂಸೆಗೂ ಸಿಕ್ಕಿ, ಊರೂರು ಚದುರಿಹೋಗಿದ್ದ ವಿಶ್ವಾಸಿಗಳಿಗೆ ಬರೆದ ಮಾತು ಅದು. ಆಗಿನವರು ತೊಡುತ್ತಿದ್ದದ್ದು ಉದ್ದನೆಯ ನಿಲುವಂಗಿ. ಓಡುವುದಿರಲಿ, ಹೊಲದಲ್ಲಿ ದುಡಿಯುವುದಿರಲಿ, ಅದರ ಅಂಚನ್ನೆತ್ತಿ ನಡುಪಟ್ಟಿಗೆ ಸಿಕ್ಕಿಸದಿದ್ದರೆ ಕಾಲಿಗೆ ತೊಡರಿ ಬೀಳುವುದು ಖಂಡಿತ. ನಾವು ಟೊಂಕ ಕಟ್ಟುವುದು ಅನ್ನುತ್ತೇವಲ್ಲ, ಅದೇ. ಗಮನಿಸಬೇಕಾದ ಸಂಗತಿಯೆಂದರೆ, ಟೊಂಕ ಕಟ್ಟುವುದು ಓಟಕ್ಕೆ ಮೊದಲು. ಓಡುತ್ತ ಓಡುತ್ತ ಕಟ್ಟಲು ಆಗುವುದಿಲ್ಲ.

ಕಷ್ಟ ಬಂದಾಗ ಎಷ್ಟೋ ಜನರ ವಿಶ್ವಾಸ ಕುಸಿಯುವುದಕ್ಕೆ ಕಾರಣ ಆ ಕಷ್ಟದ ತೂಕ ಒಂದೇ ಅಲ್ಲ. ಮನಸ್ಸು ಆ ದಿನಕ್ಕೆ ಮೊದಲು ಎಂದೂ ಅಭ್ಯಾಸ ಮಾಡದ ಕೆಲಸವನ್ನು ಅವತ್ತೇ ಮಾಡಬೇಕಾಗಿ ಬಂದಿರುತ್ತದೆ. ಅದಕ್ಕೇ ಇಲ್ಲಿ ಹೇಳುವುದೆಲ್ಲ ಸಾಧಾರಣ ದಿನಗಳ ಕೆಲಸ: ಯಾವಾಗ ಕೂರಬೇಕು, ಎಷ್ಟು ಹೊತ್ತು, ಏನನ್ನು ಹಿಡಿದು ಕೂರಬೇಕು, ಎಲ್ಲಿ ತಪ್ಪುತ್ತದೆ.

ಮೊದಲು ಒಂದೆರಡು ಗೊಂದಲ ಬಿಡಿಸಿಕೊಳ್ಳಿ

ಶಿಸ್ತು ಅಂದ ಕೂಡಲೇ "ರಕ್ಷಣೆ ಕೃಪೆಯಿಂದ ತಾನೇ, ಮತ್ತೆ ಈ ದುಡಿಮೆ ಯಾಕೆ?" ಎಂಬ ಪ್ರಶ್ನೆ ಏಳುತ್ತದೆ. ಪೌಲನು ಇದನ್ನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯಲ್ಲಿ (2:12-13) ಒಂದೇ ಉಸಿರಿನಲ್ಲಿ ಬಗೆಹರಿಸುತ್ತಾನೆ. ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿ ಎನ್ನುತ್ತಾನೆ. ಮರುಕ್ಷಣವೇ, ಇಚ್ಛೆಯನ್ನೂ ಶಕ್ತಿಯನ್ನೂ ನಿಮ್ಮೊಳಗೆ ಹುಟ್ಟಿಸುವವನು ದೇವರೇ ಎನ್ನುತ್ತಾನೆ. ಹಾಯಿಯನ್ನು ಬಿಚ್ಚುವುದು ನಾವಿಕನ ಕೆಲಸ, ಗಾಳಿ ಅವನದಲ್ಲ. ಶಿಸ್ತಿನಿಂದ ದೇವರ ಪ್ರೀತಿ ಒಂದು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ. ಆ ಪ್ರೀತಿಯನ್ನು ಮರೆಯುವ ಹೊತ್ತು ಕಡಿಮೆಯಾಗುತ್ತದೆ, ಅಷ್ಟೇ. ಅದೇನು ಸಣ್ಣ ಲಾಭವಲ್ಲ.

ಎರಡನೆಯ ಗೊಂದಲ ಇದಕ್ಕಿಂತ ಹೆಚ್ಚು ಜನರನ್ನು ನರಳಿಸುತ್ತದೆ. ಶಿಸ್ತುಳ್ಳ ಮನಸ್ಸಿನಲ್ಲಿ ಕೆಟ್ಟ ಯೋಚನೆ, ಅನುಮಾನ, ಭಯ ಹುಟ್ಟಲೇಬಾರದು ಎಂದುಕೊಳ್ಳುವುದು. ಬಾಗಿಲು ಬಡಿದವರೆಲ್ಲ ಮನೆಯವರಲ್ಲ. ಯೇಸುವೇ ಎಲ್ಲ ವಿಷಯಗಳಲ್ಲೂ ನಮ್ಮಂತೆ ಶೋಧಿಸಲ್ಪಟ್ಟನು, ಆದರೂ ಪಾಪರಹಿತನು ಎಂದು ಇಬ್ರಿಯರಿಗೆ ಬರೆದ ಪತ್ರಿಕೆ (4:15) ಹೇಳುತ್ತದೆ. ಶೋಧನೆ, ಅಂದರೆ ಪಾಪದ ಕಡೆ ಎಳೆಯುವ ಸೆಳೆತ, ಬರುವುದೇ ಪಾಪವಾಗಿದ್ದರೆ ಈ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ. ಪೌಲನು ಹೇಳುವುದೂ ಯೋಚನೆಗಳನ್ನು ಸೆರೆಹಿಡಿದು ಕ್ರಿಸ್ತನಿಗೆ ವಿಧೇಯವಾಗಿಸುವ ಮಾತನ್ನು (2 ಕೊರಿಂಥ 10:5). ಎದುರಿಗೆ ಬಂದದ್ದನ್ನು ತಾನೇ ಸೆರೆಹಿಡಿಯಲಾಗುವುದು?

ಆದ್ದರಿಂದ ಪ್ರಗತಿಯನ್ನು ಅಳೆಯುವ ಕೋಲನ್ನು ಈಗಲೇ ಬದಲಿಸಿಕೊಳ್ಳಿ. ಮನಸ್ಸು ಎಷ್ಟು ಸಲ ಅಲೆಯಿತು ಎಂದು ಎಣಿಸಬೇಡಿ. ಅಲೆದದ್ದು ತಿಳಿದ ಮೇಲೆ ಎಷ್ಟು ಬೇಗ ಮರಳಿತು ಎಂದು ನೋಡಿ. ಇಪ್ಪತ್ತು ನಿಮಿಷದ ಪ್ರಾರ್ಥನೆಯಲ್ಲಿ ಮೂವತ್ತು ಸಲ ಮನಸ್ಸು ಬೇರೆ ಕಡೆ ಹೋಗಿ ಮೂವತ್ತು ಸಲವೂ ನೀವು ಅದನ್ನು ಕರೆತಂದಿದ್ದರೆ, ಮರಳುವ ಅಭ್ಯಾಸ ಮೂವತ್ತು ಸಲ ಆಯಿತು. ದೊಡ್ಡ ಕಷ್ಟದಲ್ಲಿ ಕೈ ಹಿಡಿಯುವುದು ಈ ಮರಳುವ ರೂಢಿಯೇ.

ದಿನದ ಗೂಟ

ಒಂದು ಹೊತ್ತು, ಒಂದು ಜಾಗ, ಮೊದಲೇ ಗೊತ್ತಾದ ಓದು. ಈ ಮೂರೂ ಹಿಂದಿನ ರಾತ್ರಿಯೇ ನಿರ್ಧಾರವಾಗಿರಬೇಕು. ಬೆಳಗ್ಗೆ ಎದ್ದು "ಇವತ್ತು ಏನು ಓದಲಿ?" ಎಂದು ಪುಟ ತಿರುವುತ್ತ ಕೂತರೆ ಮೊದಲ ಐದು ನಿಮಿಷ ಅಲ್ಲೇ ಕರಗಿಹೋಗುತ್ತದೆ. ಕೊನೆಗೆ ಮನಸ್ಸಿಗೆ ಹಿತವಾದ ಅದೇ ನಾಲ್ಕು ಭಾಗಗಳನ್ನು ಸುತ್ತುತ್ತಿರುತ್ತೇವೆ.

ದಾನಿಯೇಲನು ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದನು (ದಾನಿಯೇಲ 6:10). ಆ ವಚನದ ಕೊನೆಯನ್ನು ಓದಿ: ಮುಂಚಿನಿಂದ ಮಾಡುತ್ತಿದ್ದ ಹಾಗೆಯೇ. ಅರಸನನ್ನಲ್ಲದೆ ಬೇರೆ ಯಾರನ್ನು ಬೇಡಿಕೊಂಡರೂ ಸಿಂಹಗಳ ಗವಿಗೆ ಎಸೆಯಬೇಕೆಂಬ ಶಾಸನ ಹೊರಟ ದಿನ ಅವನು ಹೊಸ ಧೈರ್ಯವನ್ನೇನೂ ಕೂಡಿಸಿಕೊಳ್ಳಬೇಕಾಗಲಿಲ್ಲ. ನಿನ್ನೆ ಮಾಡಿದ್ದನ್ನೇ ಇವತ್ತೂ ಮಾಡಿದನು. ಆದಿಸಭೆಯ ಅತಿ ಹಳೆಯ ಬೋಧನೆಗಳಲ್ಲಿ ಒಂದಾದ ದಿದಾಖೆ ಕೂಡ ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಲು ಸೂಚಿಸುತ್ತದೆ.

ಹೊಸದಾಗಿ ತೊಡಗುವವರಿಗೆ ಇಪ್ಪತ್ತು ನಿಮಿಷ ಸಾಕು. ಮೊದಲ ಎರಡು ನಿಮಿಷ ಸುಮ್ಮನೆ ಕೂತು, ಯಾರ ಮುಂದೆ ಕೂತಿದ್ದೀರಿ ಎಂಬುದನ್ನು ನೆನಪಿಗೆ ತಂದುಕೊಳ್ಳಿ. ಮುಂದಿನ ಎಂಟು ನಿಮಿಷ ಓದು. ಅದೂ ತುಟಿಯಾಡಿಸಿ, ಕಿವಿಗೆ ಕೇಳುವಷ್ಟು ದನಿಯಲ್ಲಿ. ಆಮೇಲೆ ಐದು ನಿಮಿಷ ಓದಿದ್ದರಲ್ಲಿ ಮನಸ್ಸಿಗೆ ತಾಕಿದ ಒಂದೇ ಸಾಲನ್ನು ಹಿಡಿದು ಮತ್ತೆ ಮತ್ತೆ ಹೇಳಿಕೊಳ್ಳಿ. ಕೊನೆಯ ಐದು ನಿಮಿಷ ಆ ಸಾಲನ್ನೇ ಪ್ರಾರ್ಥನೆಯಾಗಿ ತಿರುಗಿಸಿ: ಅದರಲ್ಲಿ ಸ್ತೋತ್ರಕ್ಕೆ ಏನಿದೆ, ಅರಿಕೆ ಮಾಡಿಕೊಳ್ಳಬೇಕಾದದ್ದು ಏನಿದೆ, ಬೇಡಿಕೊಳ್ಳಬೇಕಾದದ್ದು ಏನಿದೆ. ಫೋನ್ ಬೇರೆ ಕೋಣೆಯಲ್ಲಿರಲಿ. ಫೋನಿನಲ್ಲೇ ಸತ್ಯವೇದ ಓದುವವರು ನೋಟಿಫಿಕೇಶನ್‌ಗಳನ್ನು ಪೂರ್ತಿ ನಿಲ್ಲಿಸಿ ಕೂರಬೇಕು. ಮುದ್ರಿತ ಪುಸ್ತಕವೇ ಮೇಲು, ಏಕೆಂದರೆ ಅದರ ಪುಟದ ಮೇಲೆ ಬೇರೆ ಯಾರೂ ಬಂದು ಕರೆಯುವುದಿಲ್ಲ.

ಓದಿನ ಅಳತೆ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯಗಳಿವೆ. ವಾರಕ್ಕೆ ಐದು ದಿನ, ದಿನಕ್ಕೊಂದು ಅಧ್ಯಾಯ ಓದಿದರೆ ಸರಿಯಾಗಿ 52 ವಾರಕ್ಕೆ ಮುಗಿಯುತ್ತದೆ. ಉಳಿದೆರಡು ದಿನ ತಪ್ಪಿದ್ದನ್ನು ತುಂಬಿಕೊಳ್ಳಲು. ಕೀರ್ತನೆಗಳು 150, ದಿನಕ್ಕೆ ಐದರಂತೆ ಒಂದು ತಿಂಗಳು. 119ನೆಯದು ಬಂದ ದಿನ ಮಾತ್ರ ತಯಾರಿರಿ, ಅದೊಂದರಲ್ಲೇ 176 ವಚನಗಳಿವೆ. ಎಂಟೆಂಟು ವಚನಗಳ 22 ಭಾಗಗಳಾಗಿರುವುದರಿಂದ ಅದನ್ನು ಬೇರೆಯಾಗಿಟ್ಟು ದಿನಕ್ಕೊಂದು ಭಾಗ ಓದುವುದು ಒಳ್ಳೆಯದು. ಇಡೀ ಸತ್ಯವೇದದಲ್ಲಿ 1,189 ಅಧ್ಯಾಯಗಳು. ವರ್ಷದಲ್ಲಿ ಮುಗಿಸಲು ದಿನಕ್ಕೆ ಮೂರೋ ನಾಲ್ಕೋ. ಮೊದಲ ವರ್ಷವೇ ಇದಕ್ಕೆ ಕೈ ಹಾಕಬೇಡಿ.

ಯಾಕೆಂದರೆ ಇಂಥ ಯೋಜನೆಗಳು ಮುರಿಯುವುದು ಒಂದೇ ರೀತಿಯಲ್ಲಿ. ಜ್ವರವೋ ಪ್ರಯಾಣವೋ ಬಂದು ನಾಲ್ಕು ದಿನ ತಪ್ಪುತ್ತದೆ. ಐದನೆಯ ದಿನ ಹದಿನೈದು ಅಧ್ಯಾಯದ ಸಾಲ ತಲೆಯ ಮೇಲೆ ಕೂತಿರುತ್ತದೆ. ಅದನ್ನು ತೀರಿಸಲು ಓಡೋಡಿ ಓದುತ್ತೇವೆ, ಒಂದಕ್ಷರವೂ ಒಳಗಿಳಿಯುವುದಿಲ್ಲ, ನಾಚಿಕೆಯಾಗಿ ಪುಸ್ತಕ ಮುಚ್ಚುತ್ತೇವೆ. ಪರಿಹಾರ ಸರಳ: ತಪ್ಪಿದ್ದನ್ನು ಬಿಟ್ಟುಬಿಡಿ, ಇವತ್ತಿನ ಅಧ್ಯಾಯಕ್ಕೆ ಬನ್ನಿ. ತಪ್ಪಿದ ದಿನದ ಲೆಕ್ಕ ಕೇಳುವವನು ಅಲ್ಲಿ ಕೂತಿಲ್ಲ.

ಬಾಯಿಗೆ ಬರುವಂತೆ ಕಲಿಯುವುದು

ಕೀರ್ತನೆ 1ರಲ್ಲಿ ಹಗಲಿರುಳು ಧ್ಯಾನಿಸುವವನು ಎಂಬಲ್ಲಿ ಇಬ್ರಿಯ ಭಾಷೆಯಲ್ಲಿರುವ ಪದ 'ಹಾಗಾ'. ತಗ್ಗಿದ ದನಿಯಲ್ಲಿ ಗುನುಗುವುದು, ಗೊಣಗುವುದು ಎಂದು ಅದರ ಅರ್ಥ. ಸಿಂಹವು ಬೇಟೆಯ ಮೇಲೆ ನಿಂತು ಗುರುಗುಟ್ಟುವುದಕ್ಕೂ ಯೆಶಾಯನು (31:4) ಇದೇ ಪದ ಬಳಸುತ್ತಾನೆ. ಅಂದರೆ ಧ್ಯಾನವೆಂದರೆ ಬಾಯಿ ಮುಚ್ಚಿ ಮನಸ್ಸನ್ನು ಬರಿದು ಮಾಡುವುದು ಎಂಬ ಕಲ್ಪನೆ ಇಲ್ಲಿಯದಲ್ಲ. ಮನಸ್ಸಿಗೆ ಒಳ್ಳೆಯ ಮಾತನ್ನು ತುಂಬಿ ಮೆಲುಕು ಹಾಕಿಸುವುದು.

ವಾರಕ್ಕೆ ಒಂದೇ ವಚನ ಸಾಕು. ಮೊದಲ ದಿನ ನೋಡಿಕೊಂಡು ಹತ್ತು ಸಲ ಜೋರಾಗಿ ಓದಿ, ಆಮೇಲೆ ನೋಡದೆ ಐದು ಸಲ ಹೇಳಿ. ಎರಡನೆಯ ದಿನ ಕೈಯಿಂದ ಬರೆಯಿರಿ. ಮೂರನೆಯ ದಿನ ಪ್ರತಿ ಪದದ ಮೊದಲ ಅಕ್ಷರವನ್ನಷ್ಟೇ ಚೀಟಿಯಲ್ಲಿ ಗುರುತಿಸಿಕೊಂಡು, ಅದನ್ನು ನೋಡುತ್ತ ಇಡೀ ವಚನವನ್ನು ಹೇಳಿ. ಉಳಿದ ದಿನಗಳಲ್ಲಿ ನಡೆಯುವಾಗ, ಪಾತ್ರೆ ತೊಳೆಯುವಾಗ, ಸಾಲಿನಲ್ಲಿ ನಿಂತಾಗ ಹೇಳಿಕೊಳ್ಳಿ. ಎರಡನೆಯ ವಾರದ ಕೊನೆಗೆ ಒಮ್ಮೆ, ತಿಂಗಳಿಗೆ ಒಮ್ಮೆ ಮರುಪರೀಕ್ಷೆ ಮಾಡದಿದ್ದರೆ ಅಳಿಸಿಹೋಗುತ್ತದೆ. ಅಧ್ಯಾಯ ಮತ್ತು ವಚನದ ಸಂಖ್ಯೆಯನ್ನು ಆರಂಭದಲ್ಲೂ ಕೊನೆಯಲ್ಲೂ ಹೇಳಿ. ಮೊದಲು ಮರೆತುಹೋಗುವುದು ಅದೇ.

ಪುಸ್ತಕ ಕೈಯಲ್ಲೇ ಇರುವಾಗ ಈ ಶ್ರಮ ಯಾಕೆ ಎಂದರೆ, ಶೋಧನೆ ಪುಟ ತೆಗೆಯುವಷ್ಟು ಸಮಯ ಕೊಡುವುದಿಲ್ಲ. ಅರಣ್ಯದಲ್ಲಿ ಯೇಸುವಿಗೆ ಮೂರು ಶೋಧನೆಗಳು ಬಂದವು (ಮತ್ತಾಯ 4). ಮೂರಕ್ಕೂ ಉತ್ತರ ಧರ್ಮೋಪದೇಶಕಾಂಡದಿಂದ ಬಂತು: 8:3, 6:16, 6:13. ಹಸಿದು ಬಳಲಿದ ದೇಹಕ್ಕೆ ಆ ಹೊತ್ತಿನಲ್ಲಿ ಹೊಸದೇನನ್ನೋ ಹುಡುಕಿ ತರುವ ತ್ರಾಣವಿರುವುದಿಲ್ಲ. ಒಳಗೆ ಇದ್ದದ್ದು ಹೊರಗೆ ಬರುತ್ತದೆ. ಇಲ್ಲಿ ಆಗುವ ತಪ್ಪು, ಸಾಂತ್ವನದ ವಚನಗಳನ್ನಷ್ಟೇ ಕಲಿಯುವುದು. ನಿಮ್ಮ ಮನಸ್ಸು ಸಾಮಾನ್ಯವಾಗಿ ಎಲ್ಲಿ ಜಾರುತ್ತದೋ ಅಲ್ಲಿಗೆ ಬೇಕಾದ ವಚನ ಕಲಿಯಿರಿ. ಸಿಟ್ಟಿನವರಿಗೆ ಯಾಕೋಬ 1:19-20, ಚಿಂತೆಯವರಿಗೆ ಫಿಲಿಪ್ಪಿ 4:6-7, ತನ್ನನ್ನು ತಾನೇ ಹಳಿದುಕೊಳ್ಳುವವರಿಗೆ ರೋಮಾ 8:1.

ಯೋಚನೆಯನ್ನು ಬಾಗಿಲಲ್ಲೇ ತಡೆಯುವುದು

ನಾಲ್ಕನೆಯ ಶತಮಾನದಲ್ಲಿ ಐಗುಪ್ತದ ಮರುಭೂಮಿಯಲ್ಲಿದ್ದ ಸನ್ಯಾಸಿಗಳು ಈ ಕೆಲಸದಲ್ಲಿ ಪಳಗಿದವರು. ಅವರಲ್ಲಿ ಎವಾಗ್ರಿಯಸ್ (ಮರಣ 399) ಮನಸ್ಸನ್ನು ಕಾಡುವ ಯೋಚನೆಗಳನ್ನು ಎಂಟು ಬಗೆಯಾಗಿ ವಿಂಗಡಿಸಿದನು: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಸಿಟ್ಟು, ಜಡ ಬೇಸರ, ಹೊಗಳಿಕೆಯ ಆಸೆ, ಗರ್ವ. ಪ್ರತಿಯೊಂದಕ್ಕೂ ಎದುರುತ್ತರವಾಗಿ ಸತ್ಯವೇದದ ಮಾತುಗಳನ್ನು ಆಯ್ದು ಜೋಡಿಸಿದನು. ಪಟ್ಟಿಗಿಂತ ಮುಖ್ಯವಾದದ್ದು ಅದರ ಹಿಂದಿನ ತಿಳಿವು: ಹೆಸರಿಲ್ಲದ ಯೋಚನೆ ನಮ್ಮನ್ನು ಆಳುತ್ತದೆ, ಹೆಸರಿಟ್ಟ ಯೋಚನೆಯನ್ನು ನಾವು ಎದುರಿಸಬಹುದು.

ಮಾಡುವುದು ಹೀಗೆ. ಮನಸ್ಸು ಕದಡಿದ್ದು ತಿಳಿದ ಕೂಡಲೇ ನಿಂತು, ಒಳಗೆ ಓಡುತ್ತಿರುವ ಮಾತನ್ನು ಒಂದೇ ವಾಕ್ಯವಾಗಿ ಹಿಡಿಯಿರಿ. "ಏನೋ ಬೇಜಾರು" ಎಂಬುದು ಸಾಲದು. "ನಾನು ಇಷ್ಟು ದಿನ ಬೇಡಿಕೊಂಡದ್ದು ವ್ಯರ್ಥ, ದೇವರು ನನ್ನನ್ನು ಮರೆತಿದ್ದಾನೆ" ಎಂಬಷ್ಟು ಸ್ಪಷ್ಟವಾಗಬೇಕು. ಈಗ ಅದರಲ್ಲಿ ಸಂಗತಿ ಎಷ್ಟು, ತೀರ್ಮಾನ ಎಷ್ಟು ಎಂದು ಬೇರ್ಪಡಿಸಿ. ಬೇಡಿಕೊಂಡದ್ದು ಸಿಕ್ಕಿಲ್ಲ ಎಂಬುದು ಸಂಗತಿ. ದೇವರು ಮರೆತಿದ್ದಾನೆ ಎಂಬುದು ತೀರ್ಮಾನ. ಸಂಗತಿಯನ್ನು ಒಪ್ಪಿಕೊಳ್ಳಿ, ಅದಕ್ಕಾಗಿ ಅಳಬೇಕೆನಿಸಿದರೆ ಅಳಿ. ತೀರ್ಮಾನಕ್ಕೆ ಮಾತ್ರ ಉತ್ತರ ಕೊಡಿ: ತಾಯಿ ತನ್ನ ಮೊಲೆಗೂಸನ್ನು ಮರೆತರೂ ನಾನು ಮರೆಯೆನು ಎಂದು ಚೀಯೋನಿಗೆ ಹೇಳಿದ ಮಾತಿದೆಯಲ್ಲ (ಯೆಶಾಯ 49:15), ಅದನ್ನು ದನಿಯೆತ್ತಿ ಹೇಳಿ. ಕೊನೆಗೆ, ಕೈಗೆ ಒಂದು ಕೆಲಸ ಕೊಡಿ. ಎದ್ದು ನಡೆಯಿರಿ, ಯಾರಿಗಾದರೂ ಪತ್ರ ಬರೆಯಿರಿ, ಬಾಕಿ ಉಳಿದ ಕೆಲಸ ಹಿಡಿಯಿರಿ. ಕೂತಲ್ಲೇ ಕೂತು ಯೋಚನೆಯ ಜೊತೆ ವಾದಕ್ಕಿಳಿದರೆ ವಾದ ಬೆಳೆಯುತ್ತದೆಯೇ ಹೊರತು ಮುಗಿಯುವುದಿಲ್ಲ. ಏದೆನಿನ ತೋಟದಲ್ಲಿ ಹವ್ವಳು ಸರ್ಪದೊಂದಿಗೆ ಮಾತು ಮುಂದುವರಿಸಿದಳು. ಅರಣ್ಯದಲ್ಲಿ ಯೇಸು ಒಂದೊಂದೇ ವಾಕ್ಯದಲ್ಲಿ ಮಾತು ಮುಗಿಸಿದನು.

ಮನಸ್ಸಿಗೆ ಏನು ತುಂಬಬೇಕೆಂಬುದಕ್ಕೆ ಫಿಲಿಪ್ಪಿ 4:8 ಒಳ್ಳೆಯ ಜರಡಿ. ಸತ್ಯ, ಮಾನ್ಯ, ನ್ಯಾಯ, ಶುದ್ಧ, ಪ್ರೀತಿಕರ, ಮನೋಹರ ಎಂದು ಸಾಗುವ ಆ ಪಟ್ಟಿಯಲ್ಲಿ ಮೊದಲ ಪದ 'ಸತ್ಯ' ಎಂಬುದನ್ನು ಮರೆಯಬೇಡಿ. ಎಲ್ಲವೂ ಚೆನ್ನಾಗಿದೆ ಎಂದು ನಟಿಸುವುದು ಈ ವಚನದ ಪಾಲನೆಯಾಗುವುದಿಲ್ಲ. ಇದನ್ನು ಬರೆದವನು ಆಗ ಸೆರೆಯಲ್ಲಿದ್ದನು, ಅದನ್ನು ಅದೇ ಪತ್ರಿಕೆಯಲ್ಲಿ ಮರೆಮಾಚದೆ ಹೇಳುತ್ತಾನೆ. ದಿನದಲ್ಲಿ ಕಣ್ಣಿಗೂ ಕಿವಿಗೂ ಬೀಳುವುದನ್ನು ಒಂದು ವಾರ ಬರೆದಿಟ್ಟು ನೋಡಿ: ಎಷ್ಟು ಹೊತ್ತು ಸುದ್ದಿ, ಎಷ್ಟು ಹೊತ್ತು ಪರದೆ, ಎಷ್ಟು ಹೊತ್ತು ಬೇರೆಯವರ ಮಾತು, ಎಷ್ಟು ಹೊತ್ತು ದೇವರ ವಾಕ್ಯ. ಬೀಜ ಬಿತ್ತುವವನ ಸಾಮ್ಯದಲ್ಲಿ (ಮತ್ತಾಯ 13) ಮುಳ್ಳುಗಳು ಬೀಜವನ್ನು ಕಿತ್ತೊಗೆಯುವುದಿಲ್ಲ. ಪ್ರಪಂಚದ ಚಿಂತೆಯೂ ಐಶ್ವರ್ಯದ ಮೋಸವೂ ಬೆಳೆದು ಅದನ್ನು ಅಡಗಿಸುತ್ತವೆ. ಜಾಗ ಸಾಲದೆ ಸಾಯುವ ಸಾವು ಅದು.

ತನ್ನೊಂದಿಗೆ ತಾನು ಮಾತಾಡುವುದು

ನನ್ನ ಮನವೇ, ನೀನು ಕುಗ್ಗಿಹೋಗಿರುವುದೇಕೆ? ಈ ಪ್ರಶ್ನೆ ಕೀರ್ತನೆ 42 ಮತ್ತು 43ರಲ್ಲಿ ಮೂರು ಸಲ ಬರುತ್ತದೆ (42:5, 42:11, 43:5). ಮೊದಲ ಸಲ ಕೇಳಿದಾಗಲೇ ಕೀರ್ತನೆಗಾರನ ಕುಗ್ಗು ಇಳಿದಿದ್ದರೆ ಎರಡನೆಯದು ಬೇಕಿರಲಿಲ್ಲ. ಸತ್ಯವನ್ನು ಒಮ್ಮೆ ಹೇಳಿಕೊಂಡೆ, ಏನೂ ಆಗಲಿಲ್ಲ ಎನ್ನುವವರು ಈ ಲೆಕ್ಕವನ್ನು ನೆನಪಿಡಬೇಕು.

ಇದರ ಇನ್ನೂ ಆಳದ ಮಾದರಿ ಸತ್ಯವೇದದ ಪ್ರಲಾಪಗಳು ಎಂಬ ಪುಸ್ತಕ. ಬಾಬೆಲಿನವರ ಕೈಯಲ್ಲಿ ಯೆರೂಸಲೇಮು ಬಿದ್ದ ಮೇಲಿನ ಗೋಳಾಟ ಅದು. ಆದರೆ ಆ ಗೋಳಿಗೂ ಒಂದು ಕಟ್ಟು ಇದೆ. ಮೂರನೆಯ ಅಧ್ಯಾಯದ 66 ವಚನಗಳು ಇಬ್ರಿಯ ಅಕ್ಷರಮಾಲೆಯ 22 ಅಕ್ಷರಗಳ ಕ್ರಮದಲ್ಲಿ, ಒಂದೊಂದು ಅಕ್ಷರಕ್ಕೆ ಮೂರು ಮೂರು ವಚನದಂತೆ ಸಾಗುತ್ತವೆ. ಎದೆಯೊಡೆದು ಅಳುತ್ತಿರುವವನು ಅಕ್ಷರ ಬಿಡದೆ ಅಳುತ್ತಿದ್ದಾನೆ! ಮೊದಲ ಇಪ್ಪತ್ತು ವಚನಗಳಲ್ಲಿ ಕಹಿಯನ್ನೆಲ್ಲ ಹೊರಹಾಕುತ್ತಾನೆ, ದೇವರನ್ನು ಹೊಂಚು ಹಾಕಿದ ಕರಡಿಗೆ ಹೋಲಿಸಲೂ ಹೆದರುವುದಿಲ್ಲ. 21ರಲ್ಲಿ ತಿರುವು: ಇದನ್ನು ನೆನಪಿಗೆ ತಂದುಕೊಳ್ಳುತ್ತೇನೆ, ಆದ್ದರಿಂದ ನಿರೀಕ್ಷೆಯಿದೆ. ನೆನಪು ತಾನಾಗಿ ಬರಲಿಲ್ಲ, ಅವನು ಎಳೆದು ತಂದನು. ಕರ್ತನ ಕರುಣೆ ಮುಂಜಾನೆ ಮುಂಜಾನೆ ಹೊಸದು ಎಂಬ ಮಾತು ಬರುವುದು ಇದಾದ ಮೇಲೆಯೇ.

ನೀವು ಮಾಡಬೇಕಾದದ್ದೂ ಇದೇ ಕ್ರಮದಲ್ಲಿ. ಒಂದು ಹಾಳೆಯ ಎಡಬದಿಯಲ್ಲಿ ದೂರನ್ನೆಲ್ಲ ಬರೆಯಿರಿ, ಮೃದು ಮಾಡಬೇಡಿ. ಅದು ಮುಗಿದ ಮೇಲೆಯೇ ಬಲಬದಿಯಲ್ಲಿ, ದೇವರು ಇಂಥವನು ಎಂದು ನಿಮಗೆ ಗೊತ್ತಿರುವುದನ್ನು ಬರೆಯಿರಿ. ಎಡಬದಿಯನ್ನು ಬಿಟ್ಟು ನೇರ ಬಲಕ್ಕೆ ಹಾರುವವರ ಸ್ತೋತ್ರ ಬಾಯಿಯಲ್ಲೇ ಉಳಿಯುತ್ತದೆ. ಎಡದಲ್ಲೇ ನಿಂತವರು ತಮ್ಮ ನೋವನ್ನು ಸುತ್ತುತ್ತಲೇ ಇರುತ್ತಾರೆ.

ರಾತ್ರಿಯ ಲೆಕ್ಕ

ಹದಿನಾರನೆಯ ಶತಮಾನದಲ್ಲಿ ಇಗ್ನೇಷಿಯಸ್ ಲೊಯೋಲ ರೂಪಿಸಿದ ಆತ್ಮಶೋಧನೆಗೆ ಐದು ಹೆಜ್ಜೆ. ಮಲಗುವ ಮೊದಲು ಹತ್ತು ನಿಮಿಷ ಸಾಕು. ದಿನಕ್ಕಾಗಿ ಸ್ತೋತ್ರ, ನೋಡಲು ಬೆಳಕಿಗಾಗಿ ಬೇಡಿಕೆ, ಬೆಳಗಿನಿಂದ ಗಂಟೆ ಗಂಟೆಯಾಗಿ ದಿನವನ್ನು ಹಿಂದಿರುಗಿ ನೋಡುವುದು, ತಪ್ಪಿಗೆ ಕ್ಷಮೆ ಕೇಳುವುದು, ನಾಳೆಗೆ ಒಂದು ನಿರ್ಧಾರ. ಕ್ರಮ ಬದಲಿಸಬೇಡಿ. ಸ್ತೋತ್ರ ಬಿಟ್ಟು ತಪ್ಪುಗಳಿಂದ ಶುರುಮಾಡಿದರೆ ನ್ಯಾಯಾಲಯದ ಕಟಕಟೆ ಹತ್ತಿದಂತಾಗುತ್ತದೆ, ಒಂದು ವಾರದಲ್ಲಿ ಬಿಟ್ಟುಬಿಡುತ್ತೀರಿ. ಕೊನೆಯ ನಿರ್ಧಾರ ಚಿಕ್ಕದಾಗಿರಲಿ. "ಇನ್ನು ಸಿಟ್ಟು ಮಾಡುವುದಿಲ್ಲ" ಎಂಬುದು ನಿರ್ಧಾರವಲ್ಲ. "ನಾಳೆ ಆ ಮಾತು ಎತ್ತಿದಾಗ ಉತ್ತರಿಸುವ ಮೊದಲು ಒಂದು ಸಲ ಉಸಿರೆಳೆದು ಬಿಡುತ್ತೇನೆ" ಎಂಬುದು ನಿರ್ಧಾರ.

ಒಣಗಿದ ದಿನಗಳು

ಇಷ್ಟೆಲ್ಲ ಮಾಡಿದರೂ ಒಂದು ದಿನ ಏನೂ ಅನ್ನಿಸದಂತಾಗುತ್ತದೆ. ಪ್ರಾರ್ಥನೆ ಚಾವಣಿಗೆ ತಾಗಿ ಮರಳಿದಂತೆ, ವಾಕ್ಯ ಕಾಗದದ ಮೇಲಿನ ಮಸಿಯಂತೆ. ಹೆಚ್ಚಿನವರು ಬಿಟ್ಟುಬಿಡುವುದು ಇಲ್ಲೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಎವಾಗ್ರಿಯಸ್ ಹೇಳಿದ ಜಡ ಬೇಸರ ಇದರ ಒಂದು ಮುಖ. ಅವನು ಇದನ್ನು ಮಧ್ಯಾಹ್ನದ ದೆವ್ವ ಎಂದು ಕರೆದು, ಬೆಳಗ್ಗೆ ಸುಮಾರು ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಅದರ ಕಾಟ ಎಂದು ಬರೆಯುತ್ತಾನೆ. ಸೂರ್ಯ ನಿಂತೇಬಿಟ್ಟಿದ್ದಾನೆ ಅನಿಸುತ್ತದೆ, ಸನ್ಯಾಸಿ ಪದೇ ಪದೇ ಕಿಟಕಿಯಿಂದ ಹೊರಗೆ ನೋಡುತ್ತಾನೆ, ಇರುವ ಜಾಗ ಬೇಡವಾಗುತ್ತದೆ, ಬೇರೆ ಕಡೆ ಹೋದರೆ ದೇವರನ್ನು ಇನ್ನೂ ಚೆನ್ನಾಗಿ ಸೇವಿಸಬಹುದಲ್ಲ ಎಂಬ ಯೋಚನೆ ಬರುತ್ತದೆ. ಈ ಬೇಸರದ ಗುರುತೇ ಜಾಗ ಬದಲಿಸುವ ಆಸೆ. ಸಭೆ ಬದಲಿಸಲಿ, ಓದಿನ ಯೋಜನೆ ಬದಲಿಸಲಿ, ಸೇವೆ ಬದಲಿಸಲಿ. ಮರುಭೂಮಿಯವರು ಕೊಟ್ಟ ಮದ್ದು ಬಹಳ ಸಪ್ಪೆ: ಕೋಣೆ ಬಿಟ್ಟು ಹೊರಡಬೇಡ, ಕೈಕೆಲಸ ಮಾಡು, ಚಿಕ್ಕ ಪ್ರಾರ್ಥನೆ ಹೇಳು. ಅವರಿಂದ ಕಲಿತ ಜಾನ್ ಕ್ಯಾಸಿಯನ್ ಒಂದೇ ಸಾಲನ್ನು ಎಲ್ಲ ಹೊತ್ತಿಗೂ ಸೂಚಿಸಿದನು. ಅದು ಕೀರ್ತನೆ 70ರ ಮೊದಲ ವಚನ: ದೇವರೇ, ನನ್ನನ್ನು ರಕ್ಷಿಸಲು ಬಾ, ಕರ್ತನೇ, ನನ್ನ ಸಹಾಯಕ್ಕೆ ಬೇಗ ಬಾ. ಉದ್ದದ ಪ್ರಾರ್ಥನೆಗೆ ತ್ರಾಣವಿಲ್ಲದ ದಿನಕ್ಕೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಇಗ್ನೇಷಿಯಸ್ ಕೊಟ್ಟ ನಿಯಮ ಇನ್ನೂ ನಿಖರ: ಮನಸ್ಸು ಕತ್ತಲಲ್ಲಿರುವಾಗ ಹಿಂದಿನ ನಿರ್ಧಾರಗಳನ್ನು ಬದಲಿಸಬಾರದು. ಬೆಳಕಿನಲ್ಲಿ ಕಂಡು ತೀರ್ಮಾನಿಸಿದ್ದನ್ನು ಕತ್ತಲಲ್ಲಿ ತಿದ್ದಬೇಡಿ. ಸಭೆಯನ್ನು ಬಿಡುವುದು, ಕೊಟ್ಟ ಮಾತನ್ನು ಮುರಿಯುವುದು, ಪ್ರಾರ್ಥನೆಯ ಹೊತ್ತನ್ನು ತೆಗೆದುಹಾಕುವುದು ಇಂಥವನ್ನು ಆ ದಿನಗಳಲ್ಲಿ ಮುಂದೂಡಿ. ಅವನು ಇನ್ನೊಂದು ಸೂಕ್ಷ್ಮವನ್ನೂ ಹೇಳುತ್ತಾನೆ: ಒಣಗಿದ ದಿನ ಪ್ರಾರ್ಥನೆಯನ್ನು ಮೊಟಕು ಮಾಡಬೇಕೆನಿಸಿದರೆ, ನಿಗದಿಯಾದ ಹೊತ್ತಿಗಿಂತ ತುಸು ಹೆಚ್ಚೇ ಕೂರು. ಇಪ್ಪತ್ತಿದ್ದರೆ ಇಪ್ಪತ್ತೆರಡು ನಿಮಿಷ.

ಪೌಲನೂ ಯಾಕೋಬನೂ ತಾಳ್ಮೆ ಎಂಬುದಕ್ಕೆ ಬಳಸುವ ಗ್ರೀಕ್ ಪದ 'ಹುಪೊಮೊನೆ'. ಕೆಳಗೆ ಉಳಿಯುವುದು ಎಂದು ಅದರ ಕಟ್ಟು: ಹೊರೆಯ ಕೆಳಗಿಂದ ಜಾರಿಕೊಳ್ಳದೆ ನಿಲ್ಲುವುದು. ರೋಮಾ 5:3-5ರಲ್ಲಿ ಸಂಕಟದಿಂದ ತಾಳ್ಮೆ, ತಾಳ್ಮೆಯಿಂದ ಪುಟಕ್ಕಿಟ್ಟ ಗುಣ, ಅದರಿಂದ ನಿರೀಕ್ಷೆ ಎಂಬ ಸಾಲು ಇದೆ. ನಿರೀಕ್ಷೆ ಇರುವುದು ಕೊನೆಯಲ್ಲಿ. ನಿರೀಕ್ಷೆ ಮೊದಲು ಬರಲಿ, ಆಮೇಲೆ ತಾಳುತ್ತೇನೆ ಎಂದು ಕಾಯುವವರು ಸಾಲಿನ ತಪ್ಪು ತುದಿಯಲ್ಲಿ ನಿಂತಿದ್ದಾರೆ.

ಆದರೆ ದೇಹವನ್ನು ಮರೆತು ಈ ಮಾತನ್ನೆಲ್ಲ ಆಡುವುದು ಕ್ರೂರವಾಗುತ್ತದೆ. ಪ್ರವಾದಿ ಎಲೀಯನು ಜಾಲಿಯ ಗಿಡದಡಿ ಬಿದ್ದು ಸಾವನ್ನು ಬೇಡಿಕೊಂಡಾಗ (1 ಅರಸು 19) ದೇವರು ಮೊದಲು ಪ್ರಶ್ನೆ ಕೇಳಲಿಲ್ಲ. ನಿದ್ರೆ ಬಂತು, ದೂತನು ತಟ್ಟಿ ಎಬ್ಬಿಸಿ ರೊಟ್ಟಿ ನೀರು ಕೊಟ್ಟನು, ಮತ್ತೆ ನಿದ್ರೆ, ಮತ್ತೆ ಊಟ. "ಎಲೀಯನೇ, ಇಲ್ಲೇನು ಮಾಡುತ್ತೀ?" ಎಂಬ ಪ್ರಶ್ನೆ ಬಂದದ್ದು ನಲವತ್ತು ದಿನದ ನಡಿಗೆ ಮುಗಿದ ಮೇಲೆ, ಹೋರೇಬಿನಲ್ಲಿ. ಆದ್ದರಿಂದ ಒಣಗು ಬಂದಾಗ ಮೊದಲು ನಿದ್ರೆಯ ಲೆಕ್ಕ ನೋಡಿ, ಊಟದ ಲೆಕ್ಕ ನೋಡಿ. ಎರಡು ವಾರಕ್ಕೂ ಮೀರಿ ನಿದ್ರೆ ಹಸಿವು ಕೆಟ್ಟಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿದಿಲ್ಲದಿದ್ದರೆ ವೈದ್ಯರ ಬಳಿ ಹೋಗಿ. ಬದುಕೇ ಬೇಡ ಎಂಬ ಯೋಚನೆ ಬಂದರಂತೂ ಒಂದು ದಿನವೂ ಕಾಯಬಾರದು. ಆ ಕೂಡಲೇ ಹತ್ತಿರದವರಿಗೆ ಹೇಳಿ, ವೈದ್ಯರನ್ನು ಕಾಣಿ. ಖಿನ್ನತೆ ಶಿಸ್ತಿನ ಕೊರತೆಯಲ್ಲ. ಮದ್ದು ತೆಗೆದುಕೊಳ್ಳುವುದು ಅಪನಂಬಿಕೆಯೂ ಅಲ್ಲ.

ಶಿಸ್ತೇ ಕೆಡುವ ಬಗೆ

ಶಿಸ್ತು ಹಳಸುವುದು ಎರಡು ದಾರಿಯಲ್ಲಿ. ಮೊದಲನೆಯದು ಹೆಮ್ಮೆ. ಲೂಕ 18ರ ಫರಿಸಾಯನು ವಾರಕ್ಕೆ ಎರಡಾವರ್ತಿ ಉಪವಾಸ ಮಾಡುತ್ತಿದ್ದನು, ಅದರಲ್ಲಿ ತಪ್ಪಿರಲಿಲ್ಲ. ಅದನ್ನು ಪಕ್ಕದವನ ಮೇಲೆ ಅಳತೆಗೋಲಾಗಿ ಹಿಡಿದದ್ದು ತಪ್ಪು. ನಿಮ್ಮ ಅಭ್ಯಾಸಗಳಿಂದ ಮನೆಯವರ ಮೇಲೆ ಸಹನೆ ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ ಎಂದು ತಿಂಗಳಿಗೊಮ್ಮೆ ಕೇಳಿಕೊಳ್ಳಿ. ಮನೆಯವರನ್ನೇ ಕೇಳಿದರೆ ಇನ್ನೂ ನಿಜ ತಿಳಿಯುತ್ತದೆ.

ಎರಡನೆಯದು ಅತಿ ಹಿಂಜುವ ಮನಸ್ಸಾಕ್ಷಿ. ಕ್ಷಮೆ ಕೇಳಿದ ಪಾಪವನ್ನೇ ಮತ್ತೆ ಮತ್ತೆ ಕೇಳುವುದು, ಪ್ರಾರ್ಥನೆಯ ಒಂದು ಪದ ತಪ್ಪಿತೆಂದು ಮೊದಲಿನಿಂದ ಶುರುಮಾಡುವುದು. ಮಾರ್ಟಿನ್ ಲೂಥರನೂ ಇಗ್ನೇಷಿಯಸ್ಸನೂ ಇದರಲ್ಲಿ ಬಹಳ ನರಳಿದವರು. ಇಂಥವರಿಗೆ ರಾತ್ರಿಯ ಲೆಕ್ಕ ವಿಷವಾಗಬಹುದು. ಅದನ್ನು ಮೂರು ನಿಮಿಷಕ್ಕೆ ಇಳಿಸಿ, ಅದರಲ್ಲಿ ಎರಡನ್ನು ಸ್ತೋತ್ರಕ್ಕೆ ಕೊಡಿ. ಒಂದು ಪಾಪವನ್ನು ಒಂದೇ ಸಲ ಅರಿಕೆ ಮಾಡಿ, 1 ಯೋಹಾನ 1:9 ಓದಿ, ಪುಸ್ತಕ ಮುಚ್ಚಿ. ಮತ್ತೆ ತೆರೆಯಬೇಕೆನಿಸಿದರೆ ನಂಬಿಕೆಯುಳ್ಳ ಪಾಸ್ಟರ್ ಅಥವಾ ಫಾದರ್ ಒಬ್ಬರನ್ನು ಕಾಣಿ, ಅವರ ಮಾತಿಗೆ ಬದ್ಧರಾಗಿರಿ. ಇಂಥ ಹಿಂಜಾಟ ದಿನದ ಕೆಲಸಕ್ಕೇ ಅಡ್ಡ ಬರುತ್ತಿದ್ದರೆ ವೈದ್ಯರಿಗೂ ಹೇಳಬೇಕು.

ಒಬ್ಬಂಟಿಯಾಗಿ ಇದನ್ನು ಮಾಡಲು ಹೋಗಬೇಡಿ. ವಾರಕ್ಕೊಮ್ಮೆ ಅರ್ಧ ಗಂಟೆ ಒಬ್ಬರ ಜೊತೆ ಕೂತು ಮೂರೇ ಪ್ರಶ್ನೆ ಕೇಳಿಕೊಂಡರೂ ಆಯಿತು: ಈ ವಾರ ಯಾವ ವಾಕ್ಯ ತಾಕಿತು, ಮನಸ್ಸು ಎಲ್ಲಿ ಜಾರಿತು, ಯಾವುದಕ್ಕಾಗಿ ಪ್ರಾರ್ಥಿಸಲಿ. ಮೂರು ತಿಂಗಳು ಬಿಡದೆ ನಡೆಸಿ. ಕೇಳಿದ್ದು ಆ ಕೋಣೆಯಾಚೆ ಹೋಗಬಾರದು; ಒಮ್ಮೆ ಹೋದರೆ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ.

ಬಿಟ್ಟುಹೋದ ಮೇಲೆ

ವಾರಗಳೋ ತಿಂಗಳುಗಳೋ ಎಲ್ಲ ನಿಂತುಹೋಗಿದ್ದರೆ, ಹೊಸ ವರ್ಷಕ್ಕೋ ಬರುವ ಸೋಮವಾರಕ್ಕೋ ಕಾಯಬೇಡಿ. ಹಳೆಯ ಯೋಜನೆಯನ್ನು ಅದರ ಪೂರ್ತಿ ಅಳತೆಯಲ್ಲಿ ಎತ್ತಿಕೊಳ್ಳಲೂ ಬೇಡಿ. ಇವತ್ತು ರಾತ್ರಿಯೇ ಐದು ನಿಮಿಷ ಕೂತು ಕೀರ್ತನೆ 130ನ್ನು ದನಿಯೆತ್ತಿ ಓದಿ. ಅಗಾಧದೊಳಗಿಂದ ಕೂಗುವುದರಿಂದ ಶುರುವಾಗುವ ಅದರಲ್ಲಿ ಇರುವುದು ಎಂಟೇ ವಚನ. ಆಮೇಲೆ ಕರ್ತನ ಪ್ರಾರ್ಥನೆ ಹೇಳಿ ದೀಪ ಆರಿಸಿ. ನಾಳೆಯೂ ಅದೇ ಕೀರ್ತನೆ, ಅದೇ ಐದು ನಿಮಿಷ. ಏಳು ದಿನ ಹೀಗೆ ಕಳೆದ ಮೇಲೆ ಬೆಳಗಿನ ಹೊತ್ತಿಗೆ ಹತ್ತು ನಿಮಿಷ ಸೇರಿಸಿ, ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಿಂದ ಓದಲು ತೊಡಗಿ. ಅದರಲ್ಲಿ ಹದಿನಾರು ಅಧ್ಯಾಯಗಳಿವೆ.